ಅಕ್ಕ ಕಡಿದ ಸಾಲುಗಳು

ಅಕ್ಕನನ್ನು ಮಣ್ಣು ಮಾಡುವ ದಿನ, ಹೊತ್ತು ನೆತ್ತಿಗೆ ಬಂದಾಗ, ನಮ್ಮ ಸೋದರಮಾವ ಒಂದು ಎಕ್ಕದ ಟೊಂಗೆ ಹಿಡಿದುಕೊಂಡು ಬೈಲಹೊಂಗಲದ ನಮ್ಮ ಮನೆಯೊಳಗೆ ಬಂದ. ಟೊಂಗೆಗೆ ಅರಿಷಿಣದ ದಾರ ಸುತ್ತಿತ್ತು. ಇನ್ನೊಂದು ಕೈಯ ಚೀಲದಲ್ಲಿ ಹಸಿರು ಬಳೆ, ಕುಂಕುಮ, ಒಂದು ಹಿಡಿ ಅಕ್ಕಿಕಾಳು ಇದ್ದವು. ಎಂಬತ್ತರ ಹತ್ತಿರದ ಮುದುಕ. ಬಿಸಿಲಲ್ಲಿ ಊರ ಹೊರಗಿನ ತನಕ ನಡೆದು ಆ ಟೊಂಗೆಯನ್ನು ತಾನೇ ಮುರಿದು ತಂದಿದ್ದ. ಮುರಿದ ಕಡೆಯಿಂದ ಸೋರಿದ ಹಾಲು ಅವನ ಬೆರಳ ಸಂದಿಯಲ್ಲಿ ಒಣಗಿತ್ತು.

ಮದುವೆಯಾಗದೆ ಸತ್ತವರಿಗೆ ಮಣ್ಣು ಕೊಡುವ ಮೊದಲು ಎಕ್ಕದ ಗಿಡದ ಜೊತೆ ಲಗ್ನ ಮಾಡುವ ರೂಢಿ ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಇನ್ನೂ ಇದೆ. ಹೆಣದ ಕೈಗೆ ಬಳೆ ಇಡುತ್ತಾರೆ, ಅರಿಷಿಣ ಹಚ್ಚುತ್ತಾರೆ, ಟೊಂಗೆಯನ್ನು ಆ ಕೈಗೆ ಕಟ್ಟಿ ನಾಲ್ಕು ಅಕ್ಕಿಕಾಳು ಹಾಕುತ್ತಾರೆ. ಅಷ್ಟಾದರೆ ಲಗ್ನವಾದ ಹಾಗೆ. ಅಕ್ಕನಿಗೆ ಐವತ್ತನಾಲ್ಕು ವರ್ಷವಾಗಿತ್ತು. ಅವಳು ಲಗ್ನವಾಗಿರಲಿಲ್ಲ.

ಮಾವ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ. "ಹಂಗ ಮಣ್ಣಿಗಿಟ್ರ ಮನ್ಯಾಗಿನ ಹುಡುಗಿ ಹಾದಿಗೆ ಅಡ್ಡ ನಿಂದರತಾಳವ್ವಾ. ನಾ ಕಟ್ಟಿ ಹೇಳೂ ಮಾತಲ್ಲ, ಹಿಂದಿನಿಂದ ಬಂದದ್ದು. ಕೈ ಮುಟ್ಟಿ ಕೊಡಾಕ ನೀನ ಬೇಕು, ಒಡಹುಟ್ಟಿದಾಕಿ."

ಮನೆಯ ಹುಡುಗಿ ಎಂದರೆ ನನ್ನ ಮಗಳು. ಅವಳಿಗೆ ಇಪ್ಪತ್ತೇಳು. ಆ ತಿಂಗಳೇ ಎರಡು ಕಡೆಯಿಂದ ಅವಳನ್ನು ನೋಡಲು ಬರುವ ಮಾತಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸರು ಮಾವನ ಮಾತು ಕೇಳಿಸಿಕೊಂಡಿದ್ದರು. ಅವರು ಅಕ್ಕನನ್ನು ಬಿಟ್ಟು ನನ್ನ ಮುಖ ನೋಡತೊಡಗಿದರು. ನಾನು ಹೂಂ ಅಂದರೆ ಎಕ್ಕದ ಟೊಂಗೆ ಅಕ್ಕನ ಗಂಡನಾಗುತ್ತದೆ. ಊಹೂಂ ಅಂದರೆ, ನಾಳೆ ಮಗಳಿಗೆ ಏನೇ ತಡವಾದರೂ ಅದು ನನ್ನ ತಲೆಗೆ ಬರುತ್ತದೆ.

ಹೂ ತರಲು ಹೋದವರು ಇನ್ನೂ ಬಂದಿಲ್ಲ, ಬರಲಿ ಎಂದು ಹೇಳಿ ನಾನು ಅಕ್ಕನ ಪಕ್ಕ ಹೋಗಿ ಕುಳಿತೆ. ಮಾವ ಟೊಂಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಗೋಡೆಗೆ ಆತು ಕುಳಿತ. ಅಕ್ಕನಿಗೆ ಗಂಡು ಕಟ್ಟಲು ಆತ ಪ್ರಯತ್ನಿಸಿದ್ದು ಇದು ಎರಡನೆಯ ಸಲ. ಮೊದಲನೆಯದು ಮೂವತ್ತೆರಡು ವರ್ಷದ ಹಿಂದೆ, ಕಬ್ಬಿನ ಹೊಲದಲ್ಲಿ.

ನಮ್ಮೂರು ರಾಮದುರ್ಗ ತಾಲೂಕಿನಲ್ಲಿ. ಅಪ್ಪ ನಾವು ಸಣ್ಣವರಿದ್ದಾಗಲೇ ಹೋಗಿದ್ದ. ನಾನು ಏಳನೆಯ ತರಗತಿ ಮುಗಿಸಿದೆ, ಅಕ್ಕ ನಾಲ್ಕನೆಯದಕ್ಕೇ ಬಿಟ್ಟಳು. ಅವ್ವ ಸಾಯುವಾಗ ನಮ್ಮಿಬ್ಬರ ಕೈಗಳನ್ನೂ ತನ್ನ ತಮ್ಮನ ಕೈಯಲ್ಲಿಟ್ಟು, ಇಬ್ಬರನ್ನೂ ಒಂದು ದಡ ಮುಟ್ಟಿಸು ಎಂದು ಮಾತು ತೆಗೆದುಕೊಂಡಳು. ಆ ತಮ್ಮನೇ ಈ ಮಾವ. ಆಗ ಅವನು ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ. ದೀಪಾವಳಿ ಮುಗಿಯುತ್ತಲೇ ಊರಿನಿಂದ ಮಂದಿಯನ್ನು ಕೂಡಿಸಿಕೊಂಡು ಎಂ.ಕೆ. ಹುಬ್ಬಳ್ಳಿ, ಕಿತ್ತೂರಿನ ಕಡೆ ಹೋಗುತ್ತಿದ್ದ. ಯುಗಾದಿಯ ಹೊತ್ತಿಗೆ ವಾಪಸು ಬರುತ್ತಿದ್ದ. ಅವ್ವ ಹೋದ ವರ್ಷದಿಂದ ಅಕ್ಕ, ನಾನು ಇಬ್ಬರೂ ಅವನ ಜೊತೆ ಹೋಗತೊಡಗಿದೆವು.

ಕಬ್ಬು ಕಡಿಯುವ ಉದ್ದನೆಯ ಕತ್ತಿಗೆ ಕೊಯ್ತಾ ಎನ್ನುತ್ತಾರೆ. ಆದರೆ ಗ್ಯಾಂಗಿನಲ್ಲಿ ಮನುಷ್ಯರನ್ನು ಎಣಿಸುವುದೂ ಅದರಿಂದಲೇ. ಗಂಡ ಹೆಂಡತಿ ಕೂಡಿದರೆ ಒಂದು ಕೊಯ್ತಾ. ಗಂಡ ಕಡಿಯುತ್ತ ಹೋಗುತ್ತಾನೆ. ಹೆಂಡತಿ ಹಿಂದಿನಿಂದ ಸೋಗೆ ಸವರಿ, ಕಟ್ಟು ಕಟ್ಟಿ, ಹೊತ್ತು ತಂದು ಬದುವಿನ ಮೇಲೆ ಒಟ್ಟುತ್ತಾಳೆ. ಒಬ್ಬೊಬ್ಬರೇ ಬಂದವರು ಅರ್ಧ ಕೊಯ್ತಾ. ಅರ್ಧದವರಿಗೆ ಮುಕಾದಮ ಇನ್ನೊಂದು ಅರ್ಧವನ್ನು ಹುಡುಕಿ ಜೋಡಿಸಬೇಕು, ಇಲ್ಲವಾದರೆ ಅವರು ಮೂಲೆಯ ಸಾಲು, ಗಾಳಿಗೆ ಬಿದ್ದು ಹೆಣೆದುಕೊಂಡ ಕಬ್ಬು, ಇಂಥದರಲ್ಲೇ ದಿನ ಕಳೆಯಬೇಕು. ಹೊಸದಾಗಿ ಮದುವೆಯಾದ ಹುಡುಗರು ಗ್ಯಾಂಗಿಗೆ ಬಂದಾಗ, "ಏನಲೇ, ಪೂರಾ ಆದಿ?" ಎಂದು ಕೇಳುತ್ತಿದ್ದರು. ಅದು ಚೇಷ್ಟೆಯೂ ಹೌದು, ಲೆಕ್ಕವೂ ಹೌದು. ಆ ಮಾತು ಎಷ್ಟು ವಿಚಿತ್ರ ಎಂದು ಆಗ ನನಗೆ ಅನಿಸಿರಲಿಲ್ಲ.

ಅಕ್ಕ, ನಾನು ಇಬ್ಬರೂ ಹೆಣ್ಣುಮಕ್ಕಳೇ ಆದರೂ ಕೂಡಿ ಒಂದು ಕೊಯ್ತಾ. ಕತ್ತಿ ಅವಳ ಕೈಯಲ್ಲಿ, ಕಟ್ಟುವುದು ನನ್ನ ಪಾಲಿಗೆ.

ಎರಡನೆಯ ವರ್ಷ ಕಟಕೋಳದಿಂದ ಇಬ್ಬರು ಅಣ್ಣತಮ್ಮಂದಿರು ನಮ್ಮ ಗ್ಯಾಂಗಿಗೆ ಬಂದರು. ತಿಂಗಳೊಳಗೆ ಅಣ್ಣನ ಕಾಲಿಗೆ ಕತ್ತಿ ತಗುಲಿ ಅವನು ಊರಿಗೆ ಹೋದ. ತಮ್ಮ ಅರ್ಧವಾಗಿ ಉಳಿದ. ಇಪ್ಪತ್ತನಾಲ್ಕರ ಹುಡುಗ, ಮಾತು ಕಡಿಮೆ. ಅವನನ್ನು ನೋಡಿ ಮಾವನಿಗೆ ಹೊಳೆದದ್ದು ಯಾವ ಮುಕಾದಮನಿಗಾದರೂ ಹೊಳೆಯುವಂಥದ್ದೇ. ದೊಡ್ಡ ಹುಡುಗಿಯನ್ನು ಇವನಿಗೆ ಕೊಟ್ಟರೆ ಒಂದು ಕೊಯ್ತಾ ಪೂರಾ ಆಗುತ್ತದೆ, ಅವ್ವನಿಗೆ ಕೊಟ್ಟ ಮಾತು ಅರ್ಧ ತೀರುತ್ತದೆ. ಸಣ್ಣವಳನ್ನು ಮುಂದೆ ನೋಡಿದರಾಯಿತು. ಅವನು ಕಟಕೋಳಕ್ಕೆ ಹೇಳಿಕಳಿಸಿದ, ಅಲ್ಲಿಂದ ಒಪ್ಪಿಗೆಯೂ ಬಂತು. ಅಕ್ಕನಿಗೆ ವಿಷಯ ತಿಳಿಸಿ, ಹುಡುಗನ ಗುಣ ನೋಡಿಕೊಳ್ಳಲಿ ಎಂದು ಅವನ ಸಾಲುಗಳನ್ನು ನಮ್ಮ ಸಾಲುಗಳ ಪಕ್ಕಕ್ಕೇ ಹಾಕಿದ. ಆ ಕಾಲಕ್ಕೆ ಅದು ದೊಡ್ಡ ಸವಲತ್ತು. ಹೆಣ್ಣು ಗಂಡನ್ನು ಹದಿನೈದು ದಿನ ನೋಡುವುದು ಯಾವ ಮನೆಯಲ್ಲಿತ್ತು?

ಆ ಹದಿನೈದು ದಿನ ನಾನು ಆ ಕಟಕೋಳದವರ ಕಡೆ ಕಣ್ಣೆತ್ತಿ ನೋಡಲಿಲ್ಲ. ಅಕ್ಕನ ಗಂಡ ಆಗುವವರು ಎಂದು ತಲೆಯಲ್ಲಿತ್ತು. ಆದರೂ ಕಟ್ಟು ಹೊತ್ತು ಬದುವಿಗೆ ಹೋಗಿ ಬರುವಾಗ, ನಾನು ಬರುವುದನ್ನು ಅವರು ಕಿವಿಯಿಂದ ಕಾಯುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ನಾನು ಹತ್ತಿರ ಬಂದರೆ ಅವರ ಕತ್ತಿಯ ಸಪ್ಪಳ ನಿಲ್ಲುತ್ತಿತ್ತು, ದಾಟಿ ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು. ನನ್ನ ಕಾಲಿಗೆ ಸಿಡಿಯಬಾರದೆಂದು ನಿಲ್ಲಿಸುತ್ತಿದ್ದರು ಎಂದು ಆಮೇಲೆ ಹೇಳಿದರು. ಅಷ್ಟಕ್ಕೆ ನನ್ನ ಎದೆಯಲ್ಲಿ ಏನೇನೋ ಆಗುತ್ತಿತ್ತು. ಅದಕ್ಕೆ ಹೆಸರಿಡುವ ಧೈರ್ಯ ನನಗಿರಲಿಲ್ಲ.

ಅಕ್ಕ ಎಲ್ಲವನ್ನೂ ನೋಡಿದ್ದಳು. ಹದಿನಾರನೆಯ ದಿನ ಬುತ್ತಿ ಬಿಚ್ಚಿದಾಗ ಮಾವನಿಗೆ ಹೇಳಿದಳು, ಹುಡುಗ ಚಲೋ ಇದ್ದಾನೆ, ಆದರೆ ಅವನನ್ನು ತಂಗಿಗೆ ಕೊಡು ಎಂದು. ನಾನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ.

ಮಾವ ನಕ್ಕ. "ಅಂವ ಏನರ ಅಂದ್ನೇನು?"

"ಅಂವ ಏನೂ ಅಂದಿಲ್ಲ. ಅವನ ಸಾಲಿನ ರವದಿ ನೋಡು ಮಾವಾ. ಎಲ್ಲಾರೂ ಬಾಜೂದವರ ಸಾಲಿಗೆ ಒಗೀತಾರ. ಅಂವ ನಮ್ಮ ಕಡೆ ಒಂದು ಎಲಿ ಒಗದಿಲ್ಲ. ಇಕಿ ಹಾಯೂ ಹಾದಿ ಅಂತ ತನ್ನ ಸಾಲಿನಾಗ ಒಟಗೊಂಡು ಅದರಾಗ ಮುಣುಗಿ ಕಡ್ಯಾಕತ್ತಾನ."

ರವದಿ ಎಂದರೆ ಕಬ್ಬಿನ ಒಣ ಎಲೆ. ಅಲಗಿನ ಹಾಗೆ ಹರಿಯುತ್ತದೆ. ಗ್ಯಾಂಗಿನವರೆಲ್ಲ ತಿರುಗಿ ನೋಡಿದರು. ಖರೇನೇ, ಅವರು ಮೊಣಕಾಲ ತನಕ ರವದಿಯಲ್ಲಿ ನಿಂತಿದ್ದರು, ನಮ್ಮ ಸಾಲಿನ ಅಂಚು ಸಾರಿಸಿದ ಅಂಗಳದಂತಿತ್ತು. ಎರಡು ವಾರ ಅದರ ಮೇಲೆ ನಡೆದಾಡಿದ ನಾನು ಅದನ್ನು ಕಂಡಿರಲಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬರಿಗಾಗಿ ಹುಟ್ಟಿರುತ್ತಾನೆ ಎಂದು ದೊಡ್ಡವರು ಹೇಳುವುದನ್ನು ಕೇಳಿದ್ದೆ. ಅದು ಹೀಗೆ, ಕಾಲಕೆಳಗಿನ ಎಲೆಯಲ್ಲಿ ತೋರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಮಾವ ನಗುವುದನ್ನು ನಿಲ್ಲಿಸಿದ. ದೊಡ್ಡವಳಿರುವಾಗ ಸಣ್ಣವಳ ಲಗ್ನ ಹೇಗೆ ಮಾಡುವುದು ಎಂದ. ಮಾಡಿದರೆ ನೀನು ಅರ್ಧವಾಗಿ ಉಳಿಯುತ್ತೀ, ನಿನ್ನನ್ನು ಯಾವ ಮುದುಕನ ಜೊತೆ ಜೋಡಿಸಲಿ ಎಂದೂ ಕೇಳಿದ. ಯಾರ ಜೊತೆಯೂ ಬೇಡ, ನನ್ನೊಬ್ಬಳಿಗೇ ಒಂದು ಕೊಯ್ತಾದ ಸಾಲು ಕೊಡು ಎಂದಳು ಅಕ್ಕ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಒಬ್ಬಾಕೆ, ಅಡ್ಡಹೆಸರಿಟ್ಟು ಕರೆಯುವುದರಲ್ಲಿ ಹುಷಾರಿ, "ಇಕಿಗೆ ನಾಕ ಕೈ ಅದಾವೇನಬೇ?" ಅಂದಳು.

ಮಾವನಿಗೆ ಸಿಟ್ಟು ಬಂದಿತ್ತು, ಅದರ ಜೊತೆಗೆ ಅವ್ವನಿಗೆ ಕೊಟ್ಟ ಮಾತಿನ ಭಾರವೂ ಇತ್ತು. ಎಲ್ಲರ ಮುಂದೆ ಹೇಳಿದ: "ನಾಳಿ ಒಂದು ಕೊಯ್ತಾದ ಸಾಲು ಕೊಡತೇನಿ. ಕಡದು, ಕಟ್ಟಿ, ಬದುವಿಗಿ ಒಟ್ಟಬೇಕು, ಒಬ್ಬಾಕೀನ, ಹೊತ್ತು ಮುಣುಗೂದ್ರಾಗ. ಮಾಡಿದ್ರ ನಿನ್ನ ಲಗ್ನದ ಮಾತು ಈ ಜನ್ಮದಾಗ ಎತ್ತೂದುಲ್ಲ. ಆಗಲಿಲ್ಲಂದ್ರ ಸುಮ್ಮಕ ಅಂವನ್ನ ಕಟಗೋ."

ಅಕ್ಕ ಆಗಲಿ ಎಂದು ಉಳಿದ ರೊಟ್ಟಿ ತಿಂದಳು.

ಅಂದರೆ ಮರುದಿನ ಹೊತ್ತು ಮುಳುಗುವುದರೊಳಗೆ ನನ್ನದೂ ತೀರ್ಮಾನವಾಗಬೇಕಿತ್ತು. ಅವಳು ಸೋತರೆ ಆ ಮನುಷ್ಯ ನನ್ನ ಭಾವ, ಗೆದ್ದರೆ ನನ್ನ ಗಂಡ.

ಬೆಳಿಗ್ಗೆ ಮಂಜು ಬಿದ್ದಿತ್ತು. ಮಾವ ಎಲ್ಲರಿಗಿಂತ ಮೊದಲೇ ಹೊಲಕ್ಕೆ ಹೋಗಿ ಅಕ್ಕನ ಸಾಲುಗಳ ಎರಡೂ ಅಂಚಿಗೆ ಸೋಗೆಯ ಗಂಟು ಹಾಕಿ ಗುರುತು ಮಾಡಿದ್ದ. ಅಕ್ಕ ಬಂದು ಈ ಗಂಟಿನಿಂದ ಆ ಗಂಟಿನ ತನಕ ನಡೆದು ನೋಡಿದಳು. ಒಂದು ಗಳಿಗೆ ನಿಂತಳು. ಆಮೇಲೆ ಸೀರೆ ಮೇಲಕ್ಕೆ ಕಟ್ಟಿ, ಗಂಡಸರ ಹಳೆಯ ಅಂಗಿ ತೊಟ್ಟು ಬಗ್ಗಿದಳು.

ಮಾವ ನನ್ನನ್ನು ಆ ದಿನ ಒಬ್ಬ ಮುದುಕಿಯ ಜೊತೆ ಹಾಕಿದ್ದ. ಆದರೆ ನನ್ನ ಕಣ್ಣು ಅಕ್ಕನ ಮೇಲೇ. ಅವಳು ಅವಸರ ಮಾಡುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ. ಹತ್ತು ಮಾರು ಕಡಿಯುವುದು, ಕತ್ತಿಯನ್ನು ನೆಲಕ್ಕೆ ಊರಿ ನಿಲ್ಲಿಸುವುದು, ತಿರುಗಿ ಸೋಗೆ ಸವರುವುದು, ಕಟ್ಟುವುದು, ತಲೆಯ ಮೇಲೆ ಹೊತ್ತು ಬದುವಿಗೆ ಹೋಗುವುದು, ಬರುವಾಗ ಬರಿಗೈಯಲ್ಲಿ ಉಸಿರು ತೆಗೆದುಕೊಳ್ಳುವುದು. ಅದೇ ಅವಳ ವಿಶ್ರಾಂತಿ. ಮಧ್ಯಾಹ್ನ ಎಂದಿನ ಹಾಗೆ ಕುಳಿತು ಶೇಂಗಾ ಹಿಂಡಿ ಹಚ್ಚಿಕೊಂಡು ಎರಡು ರೊಟ್ಟಿ ಉಂಡಳು, ಉಳ್ಳಾಗಡ್ಡಿ ಜಜ್ಜಿಕೊಂಡಳು, ನೀರು ಕುಡಿದಳು.

ಅವಳನ್ನು ನೋಡುತ್ತ ನೋಡುತ್ತ ನನಗೆ ಉಳಿದವರೂ ಕಂಡರು. ಗಂಡ ಕಡಿದು ಮುಂದೆ ಹೋಗಿ ಹೆಂಡತಿಗಾಗಿ ನಿಲ್ಲುತ್ತಾನೆ. ಹೆಂಡತಿ ಕಟ್ಟು ಎತ್ತಿಸಲು ಗಂಡನನ್ನು ಕೂಗಿ ಕಾಯುತ್ತಾಳೆ. ಒಬ್ಬರು ಬಯ್ಯುತ್ತಾರೆ, ಇನ್ನೊಬ್ಬರು ಮುನಿಯುತ್ತಾರೆ, ಮತ್ತೆ ತಂಬಾಕಿಗೆ ಸುಣ್ಣ ಕೇಳುತ್ತಾರೆ. ಇಬ್ಬರ ಕೆಲಸದಲ್ಲಿ ಒಬ್ಬರಿಗೊಬ್ಬರು ಕಾಯುವ ಹೊತ್ತೇ ಎಷ್ಟೊಂದು! ಅಕ್ಕ ಯಾರಿಗೂ ಕಾಯುತ್ತಿರಲಿಲ್ಲ. ಅವಳ ಬಲ ಅಲ್ಲಿತ್ತು. ಅದು ಕಂಡ ಗಳಿಗೆಯಲ್ಲೇ ನನ್ನದೂ ನನಗೆ ಕಂಡಿತು. ನನಗೆ ಬೇಕಾದದ್ದು ಆ ಕಾಯುವ ಹೊತ್ತೇ. ಯಾರೋ ಕತ್ತಿ ನಿಲ್ಲಿಸಿ ನನಗಾಗಿ ನಿಲ್ಲಬೇಕು, ನಾನು ಯಾರನ್ನೋ ಕೂಗಿ ಕರೆದು ಕಟ್ಟು ಎತ್ತಿಸಿಕೊಳ್ಳಬೇಕು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಾವಿಬ್ಬರು ಇಷ್ಟು ಬೇರೆ ಹೇಗಾದೆವು ಎಂದು ಬಿಸಿಲಲ್ಲಿ ನಿಂತು ಬೆರಗಾದೆ.

ಹೊತ್ತು ಇಳಿಯುವಾಗ ಇನ್ನೂ ಬಹಳ ಉಳಿದಿತ್ತು. ನನಗೆ ಹೆದರಿಕೆಯಾಯಿತು. ಅಕ್ಕ ಬದುವಿನ ಕಡೆ ಹೋದದ್ದು ನೋಡಿ ಓಡಿಹೋಗಿ ಅವಳು ಕಡಿದಿಟ್ಟ ಕಬ್ಬನ್ನು ಮೂರು ಕಟ್ಟು ಕಟ್ಟಿ ಬಂದುಬಿಟ್ಟೆ. ಅವಳಿಗಾಗಿಯೋ ನನಗಾಗಿಯೋ, ದೇವರಿಗೇ ಗೊತ್ತು. ಅಕ್ಕ ತಿರುಗಿ ಬಂದಳು, ಕಟ್ಟುಗಳನ್ನು ನೋಡಿದಳು. ನನ್ನ ಗಂಟು ಅವಳಿಗೆ ಗುರುತು. ಕತ್ತಿಯ ತುದಿಯಿಂದ ಮೂರನ್ನೂ ಹರಿದು, ಕಬ್ಬನ್ನು ಹರವಿ, ಮತ್ತೆ ತಾನೇ ಕಟ್ಟಿದಳು. ಸುತ್ತ ಇದ್ದವರು ಕೈ ನಿಲ್ಲಿಸಿದರು. ಆ ಮೇಲೆ ಯಾರೂ ನಗಲಿಲ್ಲ. ನಾಲ್ಕು ಕೈ ಎಂದಿದ್ದ ಹೆಂಗಸು ತನ್ನ ಕೊಡದಿಂದ ನೀರು ತಂದು ಬದುವಿನ ಮೇಲಿಟ್ಟು ಹೋದಳು.

ಕೊನೆಯ ಕಟ್ಟು ಬದುವಿಗೆ ಬಿದ್ದಾಗ ಸೂರ್ಯ ಕಿತ್ತೂರಿನ ದಿಕ್ಕಿನಲ್ಲಿ ಒಂದು ಗೇಣು ಮೇಲಿದ್ದ. ಅಕ್ಕ ಒಟ್ಟಿಲಿನ ಪಕ್ಕ ಕುಳಿತು ಅಂಗೈ ನೋಡಿಕೊಂಡಳು. ಮಾವ ಸಾಲಿನುದ್ದಕ್ಕೂ ನಡೆದುಹೋದ, ಬಂದ. ಬುಡ ಎತ್ತರಕ್ಕೆ ಕಡಿದಿದ್ದಾಳೇನೋ ಎಂದು ಬಗ್ಗಿ ನೋಡಿದ. ಎಲ್ಲವೂ ನೆಲಕ್ಕೆ ಹತ್ತಿ ಕಡಿದದ್ದೇ. ನಾಳೆಯಿಂದ ನೀನು ಒಂದು ಕೊಯ್ತಾ ಎಂದಷ್ಟೇ ಹೇಳಿ ಹೋದ.

ಆ ಬೇಸಿಗೆಯಲ್ಲಿ ಕಟಕೋಳದಲ್ಲಿ ನನ್ನ ಲಗ್ನವಾಯಿತು. ಅಕ್ಕ ಅಕ್ಕಿಕಾಳು ಹಾಕಿ, ಉಂಡು, ಪಾತ್ರೆ ತೊಳೆಯುವವರ ಜೊತೆ ಕುಳಿತು ಚೇಷ್ಟೆ ಮಾಡಿದಳು. ಯಾರೋ ಕೇಳಿದರು, ನಿನ್ನ ಗಂಡ ಎಲ್ಲಿದ್ದಾನೆ ಎಂದು. "ಅಂವ ಇನ್ನ ಹುಟ್ಟಿಲ್ಲ. ಅವರವ್ವಗ ಅವಸರ ಮಾಡಬ್ಯಾಡ್ರಿ" ಅಂದಳಂತೆ.

ನಾವು ಕೆಲವು ವರ್ಷ ಕಬ್ಬಿಗೆ ಹೋಗಿ ಆಮೇಲೆ ಬೈಲಹೊಂಗಲಕ್ಕೆ ಬಂದೆವು. ಮನೆಯವರು ಸರಕು ಸಾಗಿಸುವ ಮೂರು ಗಾಲಿಯ ಟಂಟಂ ಓಡಿಸತೊಡಗಿದರು. ಅಕ್ಕ ಇಪ್ಪತ್ತು ವರ್ಷಕ್ಕೂ ಹೆಚ್ಚು ಒಬ್ಬಳೇ ಕಡಿದಳು. ಮಾವ ಮುಕಾದಮಿಕೆ ಬಿಟ್ಟ ಮೇಲೆಯೂ ಬೇರೆ ಗ್ಯಾಂಗಿನವರು ಅವಳನ್ನು ಅದೇ ಲೆಕ್ಕದಲ್ಲಿ ಕರೆದೊಯ್ಯುತ್ತಿದ್ದರು. ಸೊಂಟ ಸೋತ ಮೇಲೆ ಸವದತ್ತಿಯಲ್ಲಿ ಒಂದು ಹಾಸ್ಟೆಲ್ಲಿನ ಅಡುಗೆಗೆ ಸೇರಿದಳು. ಅಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದಳು. ರವಿವಾರ ಬಸ್ಸಿಗೆ ಬಂದು ಮಧ್ಯಾಹ್ನ ಉಂಡು, ಮಗಳ ತಲೆ ಬಾಚಿ, ಸಂಜೆಗೆ ಹೋಗಿಬಿಡುತ್ತಿದ್ದಳು. ಇರು ಎಂದರೆ ಇರುತ್ತಿರಲಿಲ್ಲ.

ಇಷ್ಟು ವರ್ಷವೂ ನನ್ನೊಳಗೆ ಒಂದು ಮುಳ್ಳಿತ್ತು. ಅಕ್ಕ ಅವರನ್ನು ಬಯಸಿದ್ದಳು, ನನ್ನ ಮುಖ ನೋಡಿ ಬಿಟ್ಟುಕೊಟ್ಟಳು ಎಂದು. ಮನೆಯವರು ನನಗೆ ಚಹಾ ಸೋಸಿಕೊಟ್ಟರೆ, ಶೇಂಗಾ ತಿನ್ನುವಾಗ ಸಿಪ್ಪೆಯನ್ನು ತಮ್ಮ ಕಡೆಗೇ ಹಾಕಿಕೊಂಡರೆ, ಸುಖದ ಜೊತೆಗೇ ಆ ಮುಳ್ಳು ಆಡುತ್ತಿತ್ತು. ಅವಳ ಪಾಲಿನದನ್ನು ನಾನು ಉಣ್ಣುತ್ತಿದ್ದೇನೆ ಎಂದು.

ಹೋದ ವರ್ಷ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಾಗ ಕೇಳಿಯೇಬಿಟ್ಟೆ. ನೀನು ನನಗಾಗಿ ಬಿಟ್ಟುಕೊಟ್ಟೆಯಲ್ಲವೇ ಎಂದು. ಅಕ್ಕ ಹಿಟ್ಟಿನ ಕೈ ಮೇಲೆತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಹುಚ್ಚಿ, ಬಿಟ್ಟು ಕೊಡಾಕ ಮೊದಲ ಕೈಯಾಗ ಹಿಡದಿರಬೇಕಲ್ಲಾ" ಅಂದಳು. ಸ್ವಲ್ಪ ಹೊತ್ತು ಸಂಡಿಗೆ ಇಟ್ಟಳು. "ಹಸದಾಕಿ ಉಣತಾಳ. ನೀ ಹಸದಿದ್ದಿ, ಉಂಡಿ. ನನಗ ಹಸಿವಿ ಆಗಲಿಲ್ಲ. ಅದಕ್ಕ ಇಡೀ ಜನ್ಮ ಮಂದಿ ಯಾಕ ಉಣಲಿಲ್ಲ, ಯಾಕ ಉಣಲಿಲ್ಲ ಅಂತ ಕೇಳತಾರ."

ಒಮ್ಮೆಯಾದರೂ ಆಗಲಿಲ್ಲವೇ ಎಂದು ಕೇಳಿದೆ.

ಅವಳು ಖರೇನೇ ವಿಚಾರ ಮಾಡಿದಳು. "ಆದಂಗ ಆಗಿತ್ತು ಒಮ್ಮೆ. ನೀರು ಕುಡದೆ. ಹೋತು."

ಅದು ಯಾರು, ಯಾವಾಗ ಎಂದು ನಾನು ಕೇಳಲಿಲ್ಲ. ಬೇಸರವಾಗುವುದಿಲ್ಲವೇ ಎಂದಷ್ಟೇ ಕೇಳಿದೆ. ಜ್ವರ ಬಂದಾಗ ಆಗುತ್ತದೆ, ಯಾರಾದರೂ ಒಂದು ಲೋಟ ನೀರು ಕೊಟ್ಟರೆ ಅನಿಸುತ್ತದೆ ಎಂದಳು. "ಆದ್ರ ಜ್ವರಕ್ಕಂತ ಗಂಡನ್ನ ಕಟಗೊಂಡ್ರ, ಜ್ವರ ಇಲ್ಲದ ದಿನಾ ಅವನ್ನೇನ ಮಾಡ್ಲಿ?" ಎಂದು ಮತ್ತೆ ನಕ್ಕಳು.

ಆ ಮುಳ್ಳು ಅವತ್ತು ಬಿದ್ದುಹೋಯಿತೋ ಇಲ್ಲವೋ ಹೇಳಲಾರೆ. ಆದರೆ ಕೆಳಗಿಳಿದು ಬಂದಾಗ ಮನೆಯವರ ಮುಖವನ್ನು ಹೊಸದಾಗಿ ನೋಡಿದೆ. ಇವರು ಯಾರ ಪಾಲಿನವರೂ ಆಗಿರಲಿಲ್ಲ, ನನಗಾಗಿಯೇ ಬಂದವರು. ಐವತ್ತು ದಾಟಿದ ಹೆಂಗಸು ಅಡುಗೆಮನೆಯಲ್ಲಿ ನಿಂತು ನಾಚಿಕೊಂಡೆ.

ಮಳೆಗಾಲದ ಕೊನೆಗೆ ಅಕ್ಕನಿಗೆ ಕಾಮಾಲೆಯಾಯಿತು. ತಡವಾಗಿ ಹೇಳಿದಳು. ಈ ಸಲ ಕೇಳದೆ ಟಂಟಂನಲ್ಲಿ ಹಾಸಿಗೆ ಹಾಸಿ ಕರೆತಂದೆವು. ಹದಿನೇಳು ದಿನ ನಮ್ಮ ಮನೆಯಲ್ಲಿದ್ದಳು. ನೀರು ಕೊಟ್ಟಾಗಲೆಲ್ಲ ಲೋಟವನ್ನು ತಾನೇ ಹಿಡಿಯಲು ನೋಡುತ್ತಿದ್ದಳು. ಕೊನೆಯ ಎರಡು ದಿನ ಹಿಡಿಯಲಾಗಲಿಲ್ಲ, ನಾನೇ ಕುಡಿಸಿದೆ. ಕುಡಿದು ನನ್ನ ಮುಖ ನೋಡುತ್ತಿದ್ದಳು, ಸಾಕು ಎನ್ನುವ ಹಾಗೆ ರೆಪ್ಪೆ ಮುಚ್ಚುತ್ತಿದ್ದಳು.

ಹೂ ತರಲು ಹೋದವರು ಬಂದರು. ಮಾವ ಎದ್ದು ಟೊಂಗೆ ಹಿಡಿದು ಅಕ್ಕನ ಬಲಗೈಯ ಹತ್ತಿರ ಬಂದು ಕುಳಿತ. ಬಳೆಗಳನ್ನು ಚೀಲದಿಂದ ತೆಗೆದು ನನ್ನ ಮುಂದಿಟ್ಟ. ನಾನು ಮಗಳ ಕಡೆ ನೋಡಿದೆ. ಅವಳು ದೊಡ್ಡಮ್ಮನ ಪಾದದ ಹತ್ತಿರ ಅಳುತ್ತ ಕುಳಿತಿದ್ದಳು, ಈ ಮಾತುಗಳಾವುವೂ ಅವಳಿಗೆ ಬೇಕಿರಲಿಲ್ಲ. ಮನೆಯವರ ಕಡೆ ನೋಡಿದೆ. ಅವರು ಹತ್ತಿರ ಬಂದು, "ಅಕಿ ನಿನ್ನ ಅಕ್ಕ. ನೀ ಏನ ಅಂತಿ ಅದು. ಹುಡುಗಿದು ಏನ ಬಂದ್ರೂ ಇಬ್ಬರೂ ನೋಡೂಣು" ಅಂದರು.

ಹೆದರಿಕೆ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಕ್ಕ ಇದ್ದಾಗ ಅವಳ ಬಾಯಿಯಿಂದ ಬಂದದ್ದನ್ನು, ಅವಳ ಬಾಯಿ ಮುಚ್ಚಿದೆ ಎಂದು ಬದಲಿಸುವುದು ಹೇಗೆ ಎಂದಷ್ಟೇ ಹೊಳೆಯುತ್ತಿತ್ತು.

"ಬ್ಯಾಡ ಮಾವಾ" ಎಂದೆ. "ಅಕಿ ಒಲ್ಲೆ ಅಂದಿದ್ಲು. ನಾ ಕೈ ಮುಟ್ಟಿ ಕೊಡೂದುಲ್ಲ."

ಬಾಗಿಲಲ್ಲಿ ಗುಜುಗುಜು ಶುರುವಾಯಿತು. ಹೆತ್ತ ಮಗಳಿಗಿಂತ ಸತ್ತವಳು ಹೆಚ್ಚಾದಳೇ ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಮಾವ ಸಿಟ್ಟಾಗುತ್ತಾನೆ ಎಂದುಕೊಂಡೆ. ಅವನು ಅಕ್ಕನ ಅಂಗೈಯನ್ನೇ ನೋಡುತ್ತ ಕುಳಿತಿದ್ದ. ಆ ಅಂಗೈಯಲ್ಲಿ ಕತ್ತಿಯ ಹಿಡಿ ಕೂತ ಜಾಗ ಸತ್ತ ಮೇಲೂ ಗಟ್ಟಿಯಾಗಿ ಹೊಳೆಯುತ್ತಿತ್ತು.

"ಆವತ್ತ ನಾ ಎಂಟು ಸಾಲು ಕೊಟ್ಟಿದ್ದೆ" ಅಂದ ಮಾವ.

ನನಗೆ ಮೊದಲು ತಿಳಿಯಲಿಲ್ಲ. ಆ ಹೊಲದಲ್ಲಿ ಒಂದು ಕೊಯ್ತಾಕ್ಕೆ ಆರು ಸಾಲು. ಎಲ್ಲರಿಗೂ ಆರೇ, ಅವಳದೂ ಆರೇ ಎಂದುಕೊಂಡು ನಾವು ಯಾರೂ ಎಣಿಸಿರಲಿಲ್ಲ.

"ಅಕಿ ಸೋಲ್ಲಿ ಅಂತ ಮುಂಜಾನೆ ಮಂಜಿನ್ಯಾಗ ಹೋಗಿ ಎರಡು ಸಾಲು ಹೆಚ್ಚಿಗಿ ಗಂಟು ಹಾಕಿದ್ದೆ. ಸೋತು ಲಗ್ನ ಆದ್ರ ನಿಮ್ಮವ್ವಗ ಕೊಟ್ಟ ಮಾತು ಉಳೀತೈತಿ ಅಂತ ಮಾಡಿದ್ದೆವ್ವಾ. ಅಕಿ ಬಂದು ಎಣಿಸಿದ್ಲು. ನನ್ನ ಮಾರಿ ನೋಡಿದ್ಲು. ಏನೂ ಅನಲಿಲ್ಲ."

ಮೂವತ್ತೆರಡು ವರ್ಷ ಅಕ್ಕ ಆ ಮಾತನ್ನು ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ. ಮಾವ ಮನೆಗೆ ಬಂದರೆ ಅವನಿಗೆ ಮೊದಲು ತಾಟು ಹಾಕುತ್ತಿದ್ದವಳು ಅವಳೇ. ಆರು ಸಾಲಿಗೇ ನಾವೆಲ್ಲ ಬಾಯಿ ಮೇಲೆ ಬೆರಳಿಟ್ಟಿದ್ದೆವು. ಅವಳು ಒಬ್ಬಳೇ ಎಂಟು ಕಡಿದು, ಸೂರ್ಯ ಇನ್ನೂ ಮೇಲಿರುವಾಗಲೇ ಕುಳಿತು ಕೈ ನೋಡಿಕೊಂಡಿದ್ದಳು. ನಾನು ಯಾರ ಪಕ್ಕ ಕುಳಿತಿದ್ದೇನೆ ಎಂದು ತಿಳಿಯದವಳ ಹಾಗೆ ಅವಳ ಮುಖ ನೋಡಿದೆ. ಅದು ಅದೇ ಮುಖ, ಸಣ್ಣ ಮೂಗು, ಕಾಮಾಲೆಯ ಹಳದಿ ಇನ್ನೂ ಹೋಗಿರದ ಹಣೆ.

ಮಾವ ಬಳೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದ. ಟೊಂಗೆಯ ದಾರ ಬಿಚ್ಚಲು ಹೋದ, ಗಂಟು ಬಿಗಿದಿತ್ತು. ಮನೆಯವರು ಬಿಚ್ಚಿಕೊಟ್ಟರು. "ಏಳ್ರಿ, ಹೊತ್ತಾತು" ಎಂದು ಮಂದಿಗೆ ಹೇಳಿದವನೂ ಅವನೇ. ಕುಣಿಯ ಹತ್ತಿರ ಎಲ್ಲರೂ ಬೇಡವೆಂದರೂ ಕೇಳದೆ ಬಗ್ಗಿ ಮೊದಲ ಹಿಡಿ ಮಣ್ಣು ಹಾಕಿದ.

ಈ ಮಾತಿಗೆ ಈಗ ಏಳು ತಿಂಗಳು. ಮಗಳನ್ನು ನೋಡಲು ಬರಬೇಕಿದ್ದ ಎರಡು ಕಡೆಯವರಲ್ಲಿ ಒಬ್ಬರು ಬರಲೇ ಇಲ್ಲ. ಇನ್ನೊಬ್ಬರು ಬಂದು, ಉಪ್ಪಿಟ್ಟು ತಿಂದು, ತಿಳಿಸುತ್ತೇವೆ ಎಂದು ಹೋದವರು ತಿಳಿಸಿಲ್ಲ. ಆ ದಿನ ಬಾಗಿಲಲ್ಲಿದ್ದ ಹೆಂಗಸರು ಅಂಗಡಿಯಲ್ಲಿ ಸಿಕ್ಕರೆ ಏನನ್ನೂ ಕೇಳುವುದಿಲ್ಲ, ಆ ಕೇಳದಿರುವುದರಲ್ಲೇ ಎಲ್ಲ ಇರುತ್ತದೆ. ಕೆಲವು ಸಲ ರೊಟ್ಟಿ ಬಡಿಯುತ್ತ ಕೈ ನಿಲ್ಲುತ್ತದೆ. ನಾನು ತಪ್ಪು ಮಾಡಿದೆನೇ ಎನಿಸುತ್ತದೆ.

ಹೋದ ವಾರ ಮಾವ ಬಂದಿದ್ದ. ಚಹಾಕ್ಕೆ ಸಕ್ಕರೆ ಬೇಡವೆಂದು ಹೇಳಿ, ಕುರ್ಚಿ ಬಿಟ್ಟು ಮಗಳ ಎದುರಿಗೆ ನೆಲಕ್ಕೆ ಕುಳಿತ. ಅವಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಇನ್ನೊಂದು ಕಡೆಯ ಸುದ್ದಿ ತಂದಿದ್ದಾನೆ, ನನಗೆ ಹೇಳುತ್ತಾನೆ ಎಂದು ನಾನು ಕಾಯುತ್ತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ.

"ಯವ್ವಾ, ನಿನಗ ಲಗ್ನ ಬೇಕೇನು?" ಎಂದು ಅವಳನ್ನೇ ಕೇಳಿದ.

ನಮ್ಮ ಮನೆತನದಲ್ಲಿ ಯಾವ ಹುಡುಗಿಗೂ ಯಾರೂ ಈ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ. ಅವ್ವನಿಗೆ ಕೇಳಿರಲಿಲ್ಲ, ನನಗೂ ಕೇಳಿರಲಿಲ್ಲ. ಅಕ್ಕ ಯಾರೂ ಕೇಳದೆಯೇ ಉತ್ತರ ಹೇಳಿದ್ದಳು, ಅದಕ್ಕೆ ಎಂಟು ಸಾಲು ಕಡಿಯಬೇಕಾಯಿತು. ಮಗಳು ಇಸ್ತ್ರಿಯನ್ನು ಎತ್ತಿ ನಿಲ್ಲಿಸಿ ಸ್ವಿಚ್ಚು ಆರಿಸಿದಳು. ನಾಚಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಮಡಚಿದ ಬಟ್ಟೆಯನ್ನು ಬದಿಗಿಟ್ಟಳು.

"ಬೇಕು ಅಜ್ಜಾ" ಅಂದಳು. "ನನಗ ಬೇಕು."

ಮಾವ ದೊಡ್ಡ ಸುದ್ದಿ ಕೇಳಿದವನಂತೆ ತಲೆಯಾಡಿಸಿದ. ಹಾಗಾದರೆ ನೋಡೋಣ, ಸಿಗುವ ತನಕ ನೋಡೋಣ, ಬಂದವರಲ್ಲಿ ಯಾರು ಹೇಗೆ ಎಂದು ನೀನೇ ಕುಳಿತು ನೋಡು ಎಂದ. ನಾನು ಚಹಾದ ಕಪ್ಪು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಕೊಡುವುದು ಮರೆತುಹೋಗಿತ್ತು.